ಉಳವಿಯಿಂದಾಚೆಯ ಕಡಲು: ಶರಾವತಿಯ ಅಳಿವೆಯಲ್ಲಿ ನಾಲ್ಕು ದಿನ

ಪ್ರವಾಸವೆಂದೊಡನೆ ನಮ್ಮ ಮನೆತನಗಳಲ್ಲಿ ಮೊದಲು ನೆನಪಿಗೆ ಬರುವುದು ಕೂಡಲಸಂಗಮ, ಬಸವಕಲ್ಯಾಣ, ಶ್ರೀಶೈಲ, ಉಳವಿ. ಅದು ಸಹಜವೇ. ಆದರೆ ಮಾಘ ಮಾಸದ ಜಾತ್ರೆಗೆಂದು ಧಾರವಾಡ, ಬೆಳಗಾವಿ ಸೀಮೆಗಳಿಂದ ಚಕ್ಕಡಿ ಹೂಡಿಕೊಂಡು ಚನ್ನಬಸವಣ್ಣನವರ ಐಕ್ಯಸ್ಥಳದವರೆಗೆ ಹೋಗುವ ಭಕ್ತರಲ್ಲಿ, ಅದೇ ಜಿಲ್ಲೆಯ ಕಡಲನ್ನು ಕಂಡು ಹಿಂತಿರುಗಿದವರು ಎಷ್ಟು ಮಂದಿ? ನಮ್ಮ ಮನೆಯವರು ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ಉಳವಿಯ ದಾರಿಯಲ್ಲಿ ತಮ್ಮ ಅಜ್ಜನವರನ್ನು “ಸಮುದ್ರ ಎಲ್ಲೈತಿ?” ಎಂದು ಕೇಳಿದ್ದರಂತೆ. “ಈ ಗುಡ್ಡದ ಆಚಿಗೆ, ಮುಂದಿನ ವರ್ಷ ಹೋಗೂಣು” ಎಂದು ಅಜ್ಜನವರು ಹೇಳಿದ್ದರಂತೆ. ಆ ಮುಂದಿನ ವರ್ಷ ಬಂದುದು 2023ರ ಜನವರಿಯಲ್ಲಿ, ನಾವಿಬ್ಬರೂ ಅರವತ್ತು ದಾಟಿದ ಮೇಲೆ.

ಹೋದದ್ದಾದರೂ ಹೇಗೆ? ವಸತಿಗೃಹದ ಕಿಟಕಿಯಿಂದ ಕಡಲು ನೋಡಿ ಬರುವುದಾಗಿದ್ದರೆ ಈ ಲೇಖನ ಬರೆಯಬೇಕಾಗಿರಲಿಲ್ಲ. ಡೇರೆಯಲ್ಲಿ ಮಲಗಬೇಕು, ಹುಟ್ಟು ಹಾಕುವ ಚಿಕ್ಕ ದೋಣಿಯಲ್ಲಿ ನಾವೇ ಕುಳಿತು ನೀರಿನ ಮೇಲೆ ಸಾಗಬೇಕು ಎಂಬುದು ಮಗನ ಸಲಹೆ. ಅವನೇ ಒಂದು ಡೇರೆಯನ್ನೂ ಎರಡು ಲೈಫ್ ಜಾಕೆಟ್‌ಗಳನ್ನೂ ತಂದುಕೊಟ್ಟ. ಬೀಗರ ಮನೆಯಲ್ಲಿ ಈ ಸುದ್ದಿ ಕೇಳಿ ನಕ್ಕವರೇ ಹೆಚ್ಚು. ಗಂಭೀರವಾಗಿ ಒಂದು ಪ್ರಶ್ನೆ ಕೇಳಿದವರು ನಮ್ಮ ಅತ್ತಿಗೆಯವರು ಮಾತ್ರ: “ನೀರಾಗ ಹೋಗೋವಾಗ ಲಿಂಗ ಹೆಂಗ?”

ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಂಡೆವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಮನೆಯಲ್ಲಿ ಇರಿಸಿ ಹೋಗುವ ಮಾತೇ ಇರಲಿಲ್ಲ. ದೀಕ್ಷೆಯ ದಿನದಿಂದ ಅಂಗದ ಮೇಲಿರುವ ಇಷ್ಟಲಿಂಗವನ್ನು ವಿನೋದಕ್ಕಾಗಿ ಅಗಲಿಸುವುದುಂಟೆ? ನಮ್ಮ ಮನೆಯವರು ತಮ್ಮ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಕುಪ್ಪಸದ ಒಳಗೆ ಎದೆಗೆ ಅಡ್ಡಲಾಗಿ ಬಿಗಿದು ಕಟ್ಟಿಕೊಂಡರು. ನಾವು ನಿತ್ಯದಂತೆ ಬೆಳ್ಳಿಯ ಕರಡಿಗೆಯಲ್ಲಿ, ಹಳೆಯ ಶಿವದಾರದಲ್ಲಿಯೇ ಧರಿಸಿದೆವು. “ದಾರ ಹಳೇದಾಗೇತಿ, ಬದಲಿಸ್ರಿ” ಎಂದು ಅವರು ಹೊರಡುವ ಮುನ್ನ ಎರಡು ಸಲ, ಯಲ್ಲಾಪುರ ದಾಟಿದ ಮೇಲೆ ಒಂದು ಸಲ ಹೇಳಿದರು. ಹೊಸ ದಾರವನ್ನು ವಿಭೂತಿಯ ಚೀಲದಲ್ಲಿ ಹಾಕಿಯೂ ತಂದಿದ್ದರು.

ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟವಿಳಿದು, ಅಂಕೋಲೆಯಲ್ಲಿ ದಕ್ಷಿಣಕ್ಕೆ ತಿರುಗಿ, ಕುಮಟೆಯ ಮೇಲೆ ಹೊನ್ನಾವರ. ಜನವರಿ 18, ಬುಧವಾರ. ಬೆಳಿಗ್ಗೆ ಊರು ಬಿಡುವಾಗ ಮೈಮೇಲೆ ಶಾಲು ಇತ್ತು. ಘಟ್ಟದ ಬುಡದಲ್ಲಿ ಅದನ್ನು ಮಡಿಸಿ ಇಟ್ಟವರು ನಾಲ್ಕು ದಿನ ಮತ್ತೆ ತೆಗೆಯಲಿಲ್ಲ. ಬಯಲುಸೀಮೆ ಚಳಿಗೆ ನಡುಗುವ ಪುಷ್ಯ ಮಾಸದಲ್ಲಿಯೂ ಈ ಕರಾವಳಿಯಲ್ಲಿ ಹಗಲು 30 ಡಿಗ್ರಿ ದಾಟುತ್ತದೆ. ಕಡಲ ನೀರೂ ಬೆಚ್ಚಗೆ. ನಸುಕಿನಲ್ಲಿ ಕಾಲಿಟ್ಟರೆ ಗಾಳಿಗಿಂತ ನೀರೇ ಹಿತವೆನಿಸುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಇಲ್ಲಿ ಅಲೆ ಸಣ್ಣದು, ಆಕಾಶ ತಿಳಿ. ಮಳೆಗಾಲದ ನಾಲ್ಕು ತಿಂಗಳು ಈ ಕಡಲಿಗೆ ಇಳಿಯುವ ಮಾತು ಬೇಡ.

ಹೊನ್ನಾವರವು ಶರಾವತಿಯ ಉತ್ತರ ದಡ. ದಕ್ಷಿಣ ದಡದಲ್ಲಿ ಕಾಸರಕೋಡು. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಡಲತೀರಗಳಲ್ಲಿ ನಮ್ಮ ರಾಜ್ಯದವು ಎರಡು, ಪಡುಬಿದ್ರಿ ಮತ್ತು ಈ ಕಾಸರಕೋಡು. ನಾವು ಡೇರೆ ಹಾಕಿದ್ದು ತೀರದ ಮೇಲಲ್ಲ, ಅದರ ಹಿಂದಿನ ಒಂದು ತೆಂಗಿನ ತೋಟದಲ್ಲಿ, ಯಜಮಾನರ ಅಪ್ಪಣೆ ಪಡೆದು. ಅದಕ್ಕೆ ಕಾರಣವಿದೆ. ಈ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು, ಮರಳು ತೋಡಿ, ಒಂದೊಂದೂ ನೂರರಷ್ಟು ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತವೆ. ಐವತ್ತು ದಿನಗಳ ಆಚೀಚೆ ಮರಿಗಳು ಹೊರಬಂದು, ಬೆಳಕು ಕಂಡತ್ತ ಓಡುತ್ತವೆ. ಕತ್ತಲಿನಲ್ಲಿ ಕಡಲೇ ಬೆಳಕಾಗಿ ಕಾಣಬೇಕು. ನಮ್ಮ ಕಂದೀಲು ಉರಿಯುತ್ತಿದ್ದರೆ ಅವು ದಾರಿ ತಪ್ಪುತ್ತವೆ. ಅರಣ್ಯ ಇಲಾಖೆಯವರು ಬಲೆಯಿಂದ ಬೇಲಿ ಕಟ್ಟಿ ಕಾಯುತ್ತಿದ್ದ ಒಂದು ಗೂಡನ್ನು ನಾವು ಕಂಡೆವು. ಅಂದಿನಿಂದ ನಮ್ಮ ಮನೆಯವರು ಎಂಟು ಗಂಟೆಗೆ ದೀಪ ಆರಿಸತೊಡಗಿದರು.

ತೋಟದಲ್ಲಿಯೂ ಎಲ್ಲಿ ಬೇಕೆಂದರಲ್ಲಿ ಡೇರೆ ಹಾಕುವಂತಿಲ್ಲ. ನಾವು ನೆರಳು ನೋಡಿ ತೆಂಗಿನ ಬುಡದಲ್ಲಿ ಗೂಟ ಹೊಡೆಯತೊಡಗಿದಾಗ ಯಜಮಾನರು ಮೇಲೆ ನೋಡುವಂತೆ ಕೈ ತೋರಿಸಿದರು. ತಲೆಯ ನೇರಕ್ಕೆ ಬಲಿತ ಕಾಯಿಯ ಗೊನೆ! ಗೂಟಗಳನ್ನು ಕಿತ್ತು ಗಾಳಿಮರಗಳ ಸಾಲಿಗೆ ಹೋದೆವು.

ಆ ತೋಟದ ಬಾವಿ ಕಡಲಿನಿಂದ ನೂರು ಹೆಜ್ಜೆಯೂ ದೂರವಿಲ್ಲ. ನೀರು ಮಾತ್ರ ಸಿಹಿ. ಮಳೆಯ ನೀರು ಮರಳಿನೊಳಗೆ ಇಳಿದು, ಭಾರವಾದ ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ. ಹೆಚ್ಚು ಸೇದಿದರೆ ಉಪ್ಪು ಮೇಲೆ ಬರುತ್ತದೆ ಎಂದು ಯಜಮಾನತಿ ಎಚ್ಚರಿಸಿದರು. ಆ ನೀರಿನಲ್ಲಿ ಮಿಂದು, ಊರಿನಿಂದ ತಂದ ಪತ್ರೆ ಮತ್ತು ತೋಟದ ಅಬ್ಬಲಿಗೆಯಿಂದ ಲಿಂಗಪೂಜೆ. ಕಣ್ಣು ಮುಚ್ಚಿದಾಗ ಒಂದೇ ಸಮನೆ ಅಲೆಯ ಸದ್ದು. ಮನೆಯ ಪೂಜಾಕೋಣೆಯಲ್ಲಿ ಕುಕ್ಕರಿನ ಸೀಟಿಗೆ ಚಂಚಲವಾಗುತ್ತಿದ್ದ ಮನಸ್ಸು ಇಲ್ಲಿ ಬೇಗ ನಿಂತಿತು.

ಆಹಾರದ ವಿಷಯ ನಮ್ಮ ಓದುಗರು ಕೇಳಿಯೇ ಕೇಳುತ್ತಾರೆ. ಮೀನುಗಾರರ ಊರುಗಳಲ್ಲಿ ಶಾಕಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. ಕುಚ್ಚಲಕ್ಕಿಯ ಗಂಜಿ, ಮಿಡಿ ಉಪ್ಪಿನಕಾಯಿ, ತೆಳ್ಳೇವು ಎಲ್ಲೆಡೆ ಉಂಟು. ನಮ್ಮ ಮನೆಯವರು ಕಟ್ಟಿಕೊಂಡು ಬಂದ ನಲವತ್ತು ಕಟಕ್ ರೊಟ್ಟಿಗಳ ಗತಿ ಬೇರೆ. ಬಯಲುಸೀಮೆಯಲ್ಲಿ ತಿಂಗಳು ನಿಲ್ಲುವ ರೊಟ್ಟಿ ಇಲ್ಲಿಯ ಗಾಳಿಗೆ ಎರಡನೆಯ ದಿನವೇ ಮೆತ್ತಗಾಗಿ ಬಟ್ಟೆಯಂತೆ ಮಡಿಚಿಕೊಂಡಿತು. ಶೇಂಗಾ ಚಟ್ನಿ ಮಾತ್ರ ಕೆಡಲಿಲ್ಲ. ರೊಟ್ಟಿ ಒಯ್ಯುವವರು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ.

ಇನ್ನು ದೋಣಿ. ಕಯಾಕ್ ಎಂಬುದು ಗ್ರೀನ್‌ಲ್ಯಾಂಡಿನ ಹಿಮದ ನಾಡಿನ ಇನ್ಯೂಟ್ ಜನರ ಬೇಟೆಯ ದೋಣಿ. ಅವರು ಕಟ್ಟಿಗೆ, ಎಲುಬುಗಳ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡುತ್ತಿದ್ದರು. ಈಗ ಬಾಡಿಗೆಗೆ ಸಿಗುವುದು ಪ್ಲಾಸ್ಟಿಕ್ಕಿನದು. ಹೆಸರು ಕೇಳಿದೊಡನೆ ನಮ್ಮ ಮನೆಯವರು, “ಕಾಯಕ ಅಂದಂಗ ಕೇಳಸ್ತದಲ್ರೀ” ಎಂದರು. ಎರಡು ಮಾತುಗಳಿಗೂ ಸಂಬಂಧವಿಲ್ಲ. ಆದರೂ ಕೈ ನೋಯುವಷ್ಟು ಹುಟ್ಟು ಹಾಕಿದ ಮೇಲೆ ನಾವು ಆ ದೋಣಿಯನ್ನು ಕಾಯಕವೆಂದೇ ಕರೆಯತೊಡಗಿದೆವು.

ಇಬ್ಬರು ಕೂರುವ ಕಯಾಕಿನಲ್ಲಿ ಮುಂದೆ ಕುಳಿತವರು ಹುಟ್ಟಿನ ಲಯ ಹಿಡಿಯಬೇಕು. ಹಿಂದೆ ಕುಳಿತವರು ಅದನ್ನು ನೋಡಿ ಅನುಸರಿಸುತ್ತ ದಿಕ್ಕು ತಿರುಗಿಸಬೇಕು. ಮುಂದಿನವರಿಗೆ ಹಿಂದಿನದು ಕಾಣುವುದಿಲ್ಲವಾದ್ದರಿಂದ ಬೇರೆ ದಾರಿಯೂ ಇಲ್ಲ. ಭಾರವಿರುವ ನಾವು ಹಿಂದೆ, ಹಗುರವಿರುವ ಅವರು ಮುಂದೆ. ಮೂವತ್ತೈದು ವರ್ಷ ನಮ್ಮ ನಡೆಗೆ ಅವರು ಹೆಜ್ಜೆ ಹಾಕಿದ್ದರು. ಈಗ ಅವರ ಕೈಗೆ ನಾವು ಕೈ ಸೇರಿಸಬೇಕಾಯಿತು. ಮೊದಲ ಅರ್ಧ ಗಂಟೆ ಹುಟ್ಟಿಗೆ ಹುಟ್ಟು ತಾಗಿ ದೋಣಿ ಸುತ್ತಿದಲ್ಲೇ ಸುತ್ತಿತು. ತಪ್ಪು ಯಾರದೆಂಬ ಚರ್ಚೆಯೂ ನಡೆಯಿತು. ಹೊರಡುವಾಗ ನಾವು ತುಂಬಿದ ಸಾಮಾನಿನಲ್ಲಿ ಅರ್ಧದಷ್ಟನ್ನು ಅವರು ದಡಕ್ಕೆ ಇಳಿಸಿದ್ದರು. ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರಲು ಗಂಡನನ್ನು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ನೆನಪಾಗಿ, ನಾವು ಎದುರಾಡಲಿಲ್ಲ.

ನಮ್ಮ ಜೊತೆಗೆ ತಮ್ಮ ಪಾತಿದೋಣಿಯಲ್ಲಿ ಬಂದವರು ಅಂಬಿಗ ಸಮಾಜದ, ಐವತ್ತು ದಾಟಿದ ಒಬ್ಬ ಹಿರಿಯರು. ಅವರು ಕಲಿಸಿದ ಮೊದಲ ಪಾಠ ಹುಟ್ಟಿನದಲ್ಲ, ನೀರಿನದು. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಹೊತ್ತು ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರ ಏರಿಳಿತ ಎರಡೂ ಜೋರು. ನಸುಕಿನಲ್ಲಿ ನೆಲದ ಗಾಳಿ ಕಡಲಿಗೆ, ಮಧ್ಯಾಹ್ನ ಕಡಲ ಗಾಳಿ ನೆಲಕ್ಕೆ. ಆದ್ದರಿಂದ ಬೆಳಿಗ್ಗೆ ಉಬ್ಬರದೊಡನೆ ಹೊಳೆಯ ಮೇಲಕ್ಕೆ ಹೋಗುವುದು, ಇಳಿತ ಮೊದಲಾದೊಡನೆ ಅದರ ಜೊತೆಗೇ ಮರಳುವುದು, ಗಾಳಿ ಏಳುವ ಮೊದಲು ದಡ ಸೇರುವುದು.

ಗುರುವಾರ ಹಾಗೆಯೇ ಮಾಡಿದೆವು. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಮಿಗಿಲಾದದ್ದು, ಈ ಹೊಳೆಯ ಮೇಲೆಯೇ ಇದೆ. ಅದರ ಕಂಬಗಳನ್ನು ದಾಟಿ ಮಾವಿನಕುರ್ವೆ ನಡುಗಡ್ಡೆಯ ಕಡೆಗೆ ಸಾಗಿದೆವು. ಎರಡೂ ಬದಿಗೆ ಕಾಂಡ್ಲಾ ಕಾಡು. ಕೆಲವು ಮರಗಳು ಬಿಲ್ಲಿನಂತೆ ಬಾಗಿದ ಬೇರುಗಳ ಮೇಲೆ ಎದ್ದು ನಿಂತಿವೆ. ಕೆಲವುಗಳ ಬೇರು ಕೆಸರಿನಿಂದ ಮೇಲಕ್ಕೆ ಬೆರಳುಗಳಂತೆ ಚಾಚಿ ಉಸಿರಾಡುತ್ತವೆ. ಬೀಜ ತಾಯಿಮರದ ಮೇಲೆಯೇ ಮೊಳೆತು, ಗೇಣುದ್ದ ಬೆಳೆದು, ಆಮೇಲೆ ಕೆಳಗೆ ಬಿದ್ದು ಕೆಸರಿನಲ್ಲಿ ನಾಟಿಕೊಳ್ಳುತ್ತದೆ. ಉಪ್ಪುನೀರಿನಲ್ಲಿ ಕೂಸನ್ನು ಬರಿಗೈಯಲ್ಲಿ ಬಿಡಬಾರದೆಂದು ಆ ಮರಕ್ಕೆ ಯಾರು ಹೇಳಿಕೊಟ್ಟರೋ! ತಲೆಯ ಮೇಲೆ ಗರುಡ, ಕೊಂಬೆಯ ಮೇಲೆ ಮಿಂಚುಳ್ಳಿ. ಕೆಳಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ ಬಳಚು ಆಯುವ ಹೆಂಗಸರು. ಅದು ನಮ್ಮ ಊಟವಲ್ಲ, ಆದರೆ ಅವರ ದುಡಿಮೆಯನ್ನು ನೋಡಿದವರು ಆ ಬಗ್ಗೆ ಮೂಗು ಮುರಿಯಲಾರರು.

ಇದೇ ನೀರಿನ ಮೇಲೆ 1623ರಲ್ಲಿ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಇಟಲಿಯ ಪ್ರವಾಸಿ, ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ತಲುಪಿದ. ಲಿಂಗ ಧರಿಸಿದ ಅರಸುಮನೆತನವೊಂದು ಈ ಬಂದರುಗಳನ್ನೂ ಇಲ್ಲಿಯ ಮೆಣಸಿನ ವ್ಯಾಪಾರವನ್ನೂ ಆಳುತ್ತಿತ್ತೆಂಬುದನ್ನು ನಮ್ಮ ಮಕ್ಕಳು ಅಷ್ಟಾಗಿ ಅರಿಯರು. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಆ ಮೆಣಸಿನ ನಾಡನ್ನು ಅದಕ್ಕೂ ಮೊದಲು ದೀರ್ಘಕಾಲ ಆಳಿದವಳು ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು. ಆಕೆಯನ್ನು ಸೋಲಿಸಿ ಸೆರೆಯಲ್ಲಿಟ್ಟವನು ಇದೇ ವೆಂಕಟಪ್ಪ ನಾಯಕ. ನಮ್ಮವರ ಗೆಲುವನ್ನು ಹೇಳುವಾಗ ಆಕೆಯ ಹೆಸರನ್ನು ಬಿಡಬಾರದು.

ಈ ಇತಿಹಾಸದ ಹುಚ್ಚೇ ಶುಕ್ರವಾರ ನಮ್ಮನ್ನು ಕೆಡಿಸಿತು. ಅಳಿವೆಯ ಹೊರಗೆ ಕಡಲಿನಲ್ಲಿ ಬಸವರಾಜದುರ್ಗವೆಂಬ ನಡುಗಡ್ಡೆಯಿದೆ. ಕೆಳದಿ ಅರಸುಮನೆಯ ಬಸವರಾಜನ ಹೆಸರನ್ನು ಹೊತ್ತ ಕೋಟೆ. 1689ರಲ್ಲಿ ಮೊಗಲರ ಬೆನ್ನಟ್ಟುವಿಕೆಗೆ ಸಿಕ್ಕ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಕೆಳದಿ ಚೆನ್ನಮ್ಮಾಜಿ, ಆಕೆಯ ದತ್ತುಪುತ್ರನಾಗಿ ಮುಂದೆ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ ಬಸವಪ್ಪ ನಾಯಕ, ಇವರನ್ನೆಲ್ಲ ಪುಸ್ತಕದಲ್ಲಿ ಓದಿದ್ದ ನಮಗೆ ಆ ದುರ್ಗವನ್ನು ಹತ್ತಿರದಿಂದ ನೋಡುವ ಆಸೆ. ಅಂಬಿಗರು ಮೊದಲ ದಿನವೇ, “ಅದು ಕಡಲು. ಈ ದೋಣಿಗೆ ಅಲ್ಲ” ಎಂದುಬಿಟ್ಟಿದ್ದರು. ಅಳಿವೆಯ ಬಾಯಿಯಲ್ಲಿ ಮರಳು ತುಂಬಿರುವುದರಿಂದ ಮೀನುಗಾರರ ದೊಡ್ಡ ದೋಣಿಗಳೂ ನೀರು ನೋಡಿಯೇ ದಾಟುತ್ತವೆ. ಇಷ್ಟು ತಿಳಿದಿತ್ತು.

ಅಂದು ಮರಳುದಿಬ್ಬದ ಮೇಲೆ ಬುತ್ತಿ ಬಿಚ್ಚಿ, ಮಾತಾಡುತ್ತ ಕುಳಿತವರಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಮಧ್ಯಾಹ್ನವಾಯಿತು. ಅಂಬಿಗರು ತಮ್ಮ ಬಲೆಯನ್ನು ನೋಡಿ ಬರಲು ಹೋಗುವಾಗ, ನಾವು ಬರುವವರೆಗೆ ಇಲ್ಲಿಯೇ ಇರಿ ಎಂದು ಹೇಳಿ ಹೋದರು. “ಆ ಮೂಲೆ ದಾಟಿದರೆ ದುರ್ಗ ಕಾಣುತ್ತದೆ, ಹತ್ತು ನಿಮಿಷ” ಎಂದೆವು. ಮನೆಯವರು ಬೇಡವೆಂದರು. ನಾವು ದೋಣಿ ನೂಕಿದೆವು. ಬಿಟ್ಟು ಕೂಡಲಾರದೆ ಅವರೂ ಹತ್ತಿದರು.

ಮೂಲೆ ದಾಟಿದೊಡನೆ ದುರ್ಗ ಕಾಣಿಸಿತು, ನಿಜ. ಆದರೆ ಹುಟ್ಟು ಹಾಕದಿದ್ದರೂ ದೋಣಿ ಮುಂದಕ್ಕೆ ಹೋಗುತ್ತಿತ್ತು. ಮರುದಿನ ಅವರಾತ್ರಿ ಅಮಾವಾಸ್ಯೆ. ಇಳಿತದ ಸೆಳೆತ ಪೂರ್ಣ ಬಲದಲ್ಲಿತ್ತು. ಎದುರಿನಿಂದ ಕಡಲ ಗಾಳಿ ಎದ್ದಿತ್ತು. ಹೊರಗೆ ಹರಿಯುವ ನೀರಿಗೆ ಒಳಗೆ ಬೀಸುವ ಗಾಳಿ ತಾಗಿದಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೊಂದು ಏಳುತ್ತವೆ. ತಿರುಗಿಸಲು ಹೋದಾಗ ದೋಣಿ ಅಡ್ಡವಾಯಿತು. ಮೂರನೆಯ ಅಲೆಗೆ ಮಗುಚಿತು.

ಈಜು ಬಾರದ ನಮ್ಮ ಮನೆಯವರು ನೀರಿನಿಂದ ಮೇಲೆ ಬಂದಾಗ ಅವರ ಎರಡೂ ಕೈ ಎದೆಯ ಮೇಲಿದ್ದವು. ಹುಟ್ಟನ್ನೂ ದೋಣಿಯನ್ನೂ ಬಿಟ್ಟು ಅವರು ಹಿಡಿದದ್ದು ಲಿಂಗವನ್ನು. ಲೈಫ್ ಜಾಕೆಟ್ ಅವರನ್ನು ತೇಲಿಸಿತು. ನಾವು ಒಂದು ಕೈಯಲ್ಲಿ ದೋಣಿಯ ಹಗ್ಗ, ಇನ್ನೊಂದರಲ್ಲಿ ಅವರ ತೋಳು ಹಿಡಿದೆವು. ಆಗ ಕೊರಳ ಹತ್ತಿರ ಏನೋ ಸಡಿಲವಾದಂತೆನಿಸಿತು. ಜಾಕೆಟ್ಟಿನ ಮೇಲೆ ಶಿವದಾರದ ತುಂಡು ತೇಲುತ್ತಿತ್ತು. ಕರಡಿಗೆಯ ಭಾರವಿರಲಿಲ್ಲ.

ಅಂಬಿಗರು ನಮ್ಮನ್ನು ಕಂಡು ಹುಟ್ಟು ಹಾಕಿಕೊಂಡು ಬಂದು, ಮೊದಲು ಅವರನ್ನು, ಆಮೇಲೆ ನಮ್ಮನ್ನು ಎಳೆದುಕೊಂಡು, ಕಯಾಕನ್ನು ಹಿಂದೆ ಕಟ್ಟಿ, ಸೆಳೆತಕ್ಕೆ ಓರೆಯಾಗಿ ದೋಣಿ ನಡೆಸಿ ದಿಬ್ಬಕ್ಕೆ ಮುಟ್ಟಿಸುವವರೆಗೆ ಕಾಲು ಗಂಟೆಯಾಗಿರಬಹುದು. ಆ ಕಾಲು ಗಂಟೆಯನ್ನು ಹೇಗೆ ಬರೆಯುವುದು? ಏಳನೆಯ ವಯಸ್ಸಿನಲ್ಲಿ ಗುರುಗಳು ಅಂಗೈಯಲ್ಲಿಟ್ಟ ಲಿಂಗ. ತಂದೆಯವರು ಲಿಂಗೈಕ್ಯರಾದ ದಿನ, ಮಗ ಹುಟ್ಟಿದ ದಿನ, ಶಸ್ತ್ರಚಿಕಿತ್ಸೆಯ ದಿನ, ಎಂದೂ ಅಗಲದಿದ್ದುದು. ಪ್ರಾಣ ಉಳಿಯಿತೆಂಬ ಸಂತೋಷ ಒಂದಿಷ್ಟೂ ಬರಲಿಲ್ಲ. ಮನೆಯವರು ನಮ್ಮ ಮುಖವನ್ನೂ ದಾರದ ತುಂಡನ್ನೂ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ದಿಬ್ಬದ ಮೇಲೆ ಜಾಕೆಟ್ಟಿನ ಪಟ್ಟಿ ಬಿಚ್ಚಿದಾಗ, ಸೊಂಟದ ಬಿಗಿಯ ಮೇಲೆ ಒದ್ದೆಯಂಗಿಯ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಕರಡಿಗೆ ಮರಳಿನ ಮೇಲೆ ಬಿತ್ತು. ಮುಚ್ಚಳ ತೆರೆದಿರಲಿಲ್ಲ. ಇಬ್ಬರೂ ಅಲ್ಲಿಯೇ ಕುಳಿತು ಅತ್ತೆವು. ಮನೆಯವರು ಚೀಲದಿಂದ ಹೊಸ ಶಿವದಾರ ತೆಗೆದು, ಗಂಟಿನ ಮೇಲೆ ಗಂಟು ಹಾಕಿ ನಮ್ಮ ಕೊರಳಿಗೆ ಕಟ್ಟಿದರು. ಅಂಬಿಗರು ದೂರ ನಿಂತು ಅತ್ತ ನೋಡುತ್ತಿದ್ದರು. ಆಮೇಲೆ ಹತ್ತಿರ ಬಂದು, “ಅಮ್ಮಾ, ಇನ್ನೊಮ್ಮೆ ಬಿದ್ದರೆ ದೋಣಿ ಹಿಡೀರಿ. ಎದೆಗೆ ಕಟ್ಟಿದ್ದು ಎಲ್ಲೂ ಹೋಗುವುದಿಲ್ಲ. ದೋಣಿ ಹೋಗುತ್ತದೆ” ಎಂದರು. ನಮಗೆ ಮಾತ್ರ ಅವರು ಏನೂ ಹೇಳಲಿಲ್ಲ.

ಜಲವಿಹಾರಕ್ಕೆ ಹೋಗುವ ಬಂಧುಗಳು ಇದನ್ನೊಂದು ಗುರುತಿಟ್ಟುಕೊಳ್ಳಿರಿ. ಶಿವದಾರ ಹೊಸದಿರಲಿ. ಕರಡಿಗೆಯನ್ನು ಅಂಗಿಯ ಒಳಗೆ, ಅಗಲವಾದ ವಸ್ತ್ರದಿಂದ ಮೈಗೆ ಸುತ್ತಿ ಕಟ್ಟಿ, ಅದರ ಮೇಲೆ ಜಾಕೆಟ್ ಧರಿಸಿರಿ. ಬರಿಯ ಕೊರಳ ದಾರವನ್ನು ನೆಚ್ಚಬೇಡಿರಿ. ಜಾಕೆಟ್ಟಿನ ಎಲ್ಲ ಪಟ್ಟಿಗಳನ್ನೂ ಬಿಗಿಯಿರಿ. ಅಂದು ಸೊಂಟದ ಪಟ್ಟಿ ಸಡಿಲವಿದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಹೊರಡುವ ಮುನ್ನ ಅಂಬಿಗರು, ನಾಳೆ ಚೌಡಯ್ಯನವರ ಜಯಂತಿ, ನಮ್ಮ ಮನೆಗೆ ಬಂದು ಹೋಗಿ ಎಂದರು. ಜನವರಿ 21! ನಾವು ವರ್ಷವರ್ಷವೂ ಸಭೆಗಳಲ್ಲಿ ನಿಜಶರಣ ಅಂಬಿಗರ ಚೌಡಯ್ಯನವರ ಬಗ್ಗೆ ಮಾತು ಕೇಳಿದವರೇ, ಆಡಿದವರೇ. ದೋಣಿಯಲ್ಲಿ ಕುಳಿತು ಅವರನ್ನು ನೆನೆದದ್ದಿಲ್ಲ.

ಶನಿವಾರ ನಸುಕಿನಲ್ಲಿ ಪೂಜೆ ಮುಗಿಸಿ, ಡೇರೆ ಮಡಿಚಿ, ಅವರ ಮನೆಗೆ ಹೋದೆವು. ಹೆಂಚಿನ ಪುಟ್ಟ ಮನೆ. ಗೋಡೆಯ ಮೇಲೆ ಹುಟ್ಟು ಹಿಡಿದ ಚೌಡಯ್ಯನವರ ಪಟ, ಅದಕ್ಕೆ ಅಬ್ಬಲಿಗೆಯ ಮಾಲೆ. ನಮ್ಮ ಮನೆಯವರು ಪಟಕ್ಕೆ ವಿಭೂತಿ ಹಚ್ಚಿ ಕೈಮುಗಿದರು. ಮನೆಯೊಡತಿ ನಮಗಾಗಿ ಹೊಸ ಪಾತ್ರೆಯಲ್ಲಿ ಅವಲಕ್ಕಿ ಕಲಸಿ, ಬೆಲ್ಲದ ಚಹಾ ಮಾಡಿಟ್ಟಿದ್ದರು. ನಮ್ಮ ಆಚಾರವನ್ನು ಕೇಳದೆಯೇ ತಿಳಿದುಕೊಂಡಿದ್ದರು. ನಾವು ಕೊಡಹೋದ ಹಣದಲ್ಲಿ ಎರಡು ದಿನದ ಕೂಲಿಯನ್ನು ಎಣಿಸಿಕೊಂಡು, ಉಳಿದದ್ದನ್ನು ಅಂಬಿಗರು ಮರಳಿ ನಮ್ಮ ಕೈಗಿತ್ತರು. ಕಳೆದ ಹುಟ್ಟಿನ ಬೆಲೆಯನ್ನಾದರೂ ದೋಣಿಯ ಮಾಲೀಕರಿಗೆ ಮುಟ್ಟಿಸಬೇಕೆಂದು ನಾವು ಒತ್ತಾಯಿಸುತ್ತಿದ್ದೆವು.

ಅಷ್ಟರಲ್ಲಿ ಅಂಗಳದಲ್ಲಿ ಮಾತು ಕೇಳಿಸಿತು. ಬಳಚಿಗೆ ಹೋಗಿದ್ದ ಇಬ್ಬರು ಹೆಂಗಸರು ಬಂದಿದ್ದರು. ಒಬ್ಬಾಕೆಯ ಕೈಯಲ್ಲಿ ನಮ್ಮ ಹುಟ್ಟು. ಇಳಿತದಲ್ಲಿ ಹೊರಗೆ ಹೋದದ್ದು ಬೆಳಗಿನ ಉಬ್ಬರಕ್ಕೆ ಒಳಗೆ ಬಂದು ಕಾಂಡ್ಲಾ ಬೇರುಗಳಲ್ಲಿ ಸಿಕ್ಕಿಕೊಂಡಿತ್ತಂತೆ. ನಮ್ಮ ಮನೆಯವರು ಎದ್ದು ಹೋಗಿ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಅಂಬಿಗರನ್ನು ಕೇಳಿದರು: “ಗಾಳಿ ಏಳಾಕ ಇನ್ನೂ ಎಷ್ಟು ಹೊತ್ತೈತ್ರಿ?”